ಮೂರು ಸಲ ಅಚ್ಚಾದ ಪ್ರಶ್ನೆ

ಹಾಲ್ಸೆಟ್ ಊರಿನ ಶಾಲೆಯಲ್ಲಿ ಅರ್ವಿಲ್ಲಾ ಟ್ವೇಟ್ ಮೂವತ್ತೊಂದು ವರ್ಷ ಅಡುಗೆ ಮಾಡಿದಳು. ತೊಂಬತ್ತು ಮಕ್ಕಳಿಗೆ ಎಷ್ಟು ಆಲೂಗಡ್ಡೆ ಬೇಕೆಂದು ತಕ್ಕಡಿ ನೋಡದೆ ಹೇಳುತ್ತಿದ್ದಳು. ಶುಕ್ರವಾರ ಎರಡು ಪೌಂಡ್ ಕಡಿಮೆ, ಏಕೆಂದರೆ ಅಂದು ಮಕ್ಕಳ ಮನಸ್ಸು ಊಟದ ಮೇಲಿರುವುದಿಲ್ಲ.

ಮಿನ್ನೆಸೋಟದ ವಾಯವ್ಯ ಮೂಲೆಯ ಆ ಊರಿನಲ್ಲಿ ಜನ ಮುನ್ನೂರ ಹನ್ನೆರಡು. ಅಲ್ಲಿನ ಶಾಲೆಗೆ ಬೀಗ ಬಿದ್ದು ಆರು ವರ್ಷವಾಗಿತ್ತು. ಮಕ್ಕಳು ಮೂವತ್ನಾಲ್ಕು ಮೈಲಿ ದೂರದ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಜನವರಿಯಲ್ಲಿ ಅರ್ವಿಲ್ಲಾ ಎರಡು ವಾರ ಬೆಳಗ್ಗೆ ಆರೂ ಇಪ್ಪತ್ತಕ್ಕೆ ಬಸ್ಸಿನ ಹತ್ತಿರ ನಿಂತು, ಹತ್ತುವ ಮಕ್ಕಳನ್ನು ಒಬ್ಬೊಬ್ಬರಾಗಿ ಏನು ತಿಂದೆ ಎಂದು ಕೇಳಿದಳು. ಚಿಕ್ಕವರು ಹನ್ನೊಂದು ಜನ. ಅವರಲ್ಲಿ ಎಂಟು ಮಂದಿ ಏನೂ ತಿಂದಿರುತ್ತಿರಲಿಲ್ಲ. ಆ ಹೊತ್ತಿಗೆ ಮಗು ಎದ್ದಿದ್ದರೂ ಅದರ ಹೊಟ್ಟೆ ಎದ್ದಿರುವುದಿಲ್ಲ.

ಲೆಕ್ಕ ಮುಗಿದ ದಿನ ಅವಳು ನೇರ ಓರ್ಲಿನ್ ಸ್ಕೋಗೆನ್ ಬಳಿ ಹೋದಳು. ಊರಿನ ಧಾನ್ಯದ ಉಗ್ರಾಣ ನೋಡಿಕೊಳ್ಳುವವನು, ಒಂದನೇ ತರಗತಿಯಿಂದ ಅವಳ ಸಹಪಾಠಿ.

"ಓರ್ಲಿನ್, ನಾವು ಒಂದು ಚಾರ್ಟರ್ ಶಾಲೆ ತೆರೆಯೋಣ. ದುಡ್ಡು ಸರ್ಕಾರದ್ದು, ನಡೆಸೋದು ನಾವು. ಅರ್ಜಿ ಹಾಕ್ಬೇಕು. ನೀನೇ ಅಧ್ಯಕ್ಷ."

"ನಾನ್ಯಾಕೆ? ಒಂದು ಪತ್ರ ಬರೆಯೋಕೂ ಬರಲ್ಲ ನಂಗೆ."

"ಬರೆಯೋದು ನಾನು. ನಿಂಗೆ ಟೈ ಇದೆಯಲ್ಲ, ಅದಕ್ಕೆ ನೀನು."

ಅರ್ಜಿ ನೂರ ಹದಿನೆಂಟು ಪುಟವಾಯಿತು. ಅರ್ವಿಲ್ಲಾ ಅದನ್ನು ಅಡುಗೆಯಂತೆಯೇ ಮಾಡಿದಳು: ಮೊದಲು ಬೇಕಾದದ್ದೆಲ್ಲ ಮೇಜಿನ ಮೇಲೆ, ಆಮೇಲೆ ಒಲೆ. ಪಾಠಕ್ರಮ, ಕಟ್ಟಡ, ಬಸ್ಸು, ಎಲ್ಲ ಕೂಡಿ ಬಂತು. ಐದನೆಯ ಭಾಗದಲ್ಲಿ 'ಊರಿನವರಿಗೆ ಈ ಶಾಲೆ ಬೇಕು ಎಂಬುದಕ್ಕೆ ಪುರಾವೆ' ಕೇಳಿದ್ದರು. ಮಕ್ಕಳೋ ಮೊಮ್ಮಕ್ಕಳೋ ಇರುವ ಐವತ್ತೆಂಟು ಮನೆಗಳಿಗೆ ಕಾಗದ ಬರೆದಳು. ಐವತ್ತೊಂದು ಉತ್ತರ ಬಂದವು.

'ತೆರೆದರೆ ನಮ್ಮ ಅಡ್ಡಿಯೇನಿಲ್ಲ.'

'ನಮಗೋಸ್ಕರ ಅಂತ ತೊಂದರೆ ತೆಗೆದುಕೊಳ್ಳಬೇಡಿ.'

'ಇದಕ್ಕಿಂತ ಕೆಟ್ಟ ಯೋಚನೆಗಳನ್ನೂ ಕೇಳಿದ್ದೇನೆ.'

ಓದಿ ಅವಳ ಕಣ್ಣು ತುಂಬಿತು. ಊರಿಗೆ ಊರೇ ಹೀಗೆ ಕುಣಿದಾಡಿದ್ದನ್ನು ಅವಳು ಕಂಡಿರಲಿಲ್ಲ. ಒಂದಕ್ಷರ ತಿದ್ದದೆ ಎಲ್ಲವನ್ನೂ ಅರ್ಜಿಗೆ ಲಗತ್ತಿಸಿದಳು.

ಎರಡು ತಿಂಗಳ ನಂತರ ಸೇಂಟ್ ಪಾಲ್ ನಗರದ ಅನುಮತಿ ಮಂಡಳಿಯಿಂದ ಪತ್ರ ಬಂತು. ಎಲ್ಲ ಭಾಗಗಳೂ ತೃಪ್ತಿಕರ. ಐದನೆಯದು ಮಾತ್ರ ಅಲ್ಲ. 'ಅರ್ಜಿದಾರರೇ ಕಳಿಸಿದ ಪತ್ರಗಳ ಪ್ರಕಾರ ಊರಿನವರು ಶಾಲೆಯನ್ನು ವಿರೋಧಿಸುತ್ತಾರೆ.' ಹನ್ನೊಂದು ದಿನದಲ್ಲಿ ಸಂದರ್ಶನ. ಅಲ್ಲಿ ಪುರಾವೆ ತೋರಿಸದಿದ್ದರೆ ಅರ್ಜಿ ವಜಾ.

"ವಿರೋಧವಂತೆ! ಆ ಹ್ಯಾನ್ಸೆನ್ 'ಅಡ್ಡಿಯಿಲ್ಲ' ಅಂತ ಬರ್ದಿದಾನೆ. ಮದುವೆ ದಿನ ಪಾದ್ರಿ ಕೇಳ್ದಾಗ್ಲೂ ಅವನು ಅಷ್ಟೇ ಹೇಳಿದ್ದು!" ಎಂದ ಓರ್ಲಿನ್.

"ತಪ್ಪು ನಂದೇ ಕಣೋ," ಎಂದಳು ಅರ್ವಿಲ್ಲಾ. "ನಾನು ಒಂದೇ ಸಲ ಕೇಳ್ದೆ."

ಓರ್ಲಿನ್ ತಲೆ ಮೇಲೆ ಕೈ ಇಟ್ಟುಕೊಂಡ. ಅದೊಂದು ಅವನಿಗೂ ಹೊಳೆದಿರಲಿಲ್ಲ. ಹಾಲ್ಸೆಟ್‌ನಲ್ಲಿ ಕಾಫಿ ಕೊಡಲೇ ಎಂದರೆ ಮೊದಲ ಸಲ 'ಬೇಡ' ಎನ್ನಬೇಕು. ಎರಡನೆಯ ಸಲ 'ಸುಮ್ಮನೆ ನಿಮಗೆ ತೊಂದರೆ'. ಮೂರನೆಯ ಸಲ 'ಹಾಗಾದರೆ ಅರ್ಧ ಲೋಟ'. ಅರ್ಧ ಎಂದರೆ ಅಂಚಿನವರೆಗೆ. ಮೊದಲ ಸಲಕ್ಕೇ ಹೂಂ ಎಂದವನು ವಿಮೆ ಮಾರಲು ಬಂದ ಒಬ್ಬನೇ, ೧೯೮೧ರಲ್ಲಿ. ಅವನ ಕಥೆಯನ್ನು ಈಗಲೂ ಹೇಳುತ್ತಾರೆ.

"ಹಾಗಾದ್ರೆ ಇನ್ನೆರಡು ಸಲ ಮನೆ ಮನೆಗೆ ಹೋಗೋಣ," ಎಂದ ಓರ್ಲಿನ್.

"ಐವತ್ತೊಂದು ಮನೆ, ಎರಡೆರಡು ಸಲ, ಹೋದಲ್ಲೆಲ್ಲ ಕಾಫಿ, ಎರಡು ಸಲ ಬೇಡ ಅನ್ನೋಕೆ ಹತ್ತು ನಿಮಿಷ. ಒಂದು ಸಲಕ್ಕೆ ನಲವತ್ತು ನಿಮಿಷ ಹಿಡಿ. ಅರವತ್ತೆಂಟು ಗಂಟೆ. ನಿನ್ನ ಮೂತ್ರಕೋಶ ತಡ್ಕೊಳ್ಳುತ್ತಾ?"

ಓರ್ಲಿನ್ ಆ ಯೋಚನೆ ಕೈಬಿಟ್ಟ.

ಅರ್ವಿಲ್ಲಾ ಹೊಸ ಹಾಳೆ ಅಚ್ಚು ಮಾಡಿಸಿದಳು. ಒಂದನೇ ಪ್ರಶ್ನೆ: ನಿಮಗೆ ಶಾಲೆ ಬೇಕೆ? ಎರಡನೆಯದು: ನಿಮಗೆ ಶಾಲೆ ಬೇಕೆ? ಮೂರನೆಯದು: ನಿಮಗೆ ಶಾಲೆ ಬೇಕೆ? ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹಂಚಿದಳು. ಯಾರೂ ಯಾಕೆಂದು ಕೇಳಲಿಲ್ಲ. ಒಬ್ಬ ತಾಯಿ ಮಾತ್ರ, "ಇದನ್ನ ಮೊದಲೇ ಮಾಡ್ಬೋದಿತ್ತಲ್ಲ ಅರ್ವಿಲ್ಲಾ," ಎಂದಳು, ಬಹಳ ಮೆಲ್ಲಗೆ.

ಮೊದಲ ಪ್ರಶ್ನೆಗೆ ಐವತ್ತೊಂದು ಮನೆಯವರೂ ಬೇಡ ಎಂದಿದ್ದರು. ಎರಡನೆಯದಕ್ಕೆ 'ನೀವು ಅಷ್ಟು ಹೇಳುತ್ತೀರಿ ಅಂದರೆ ನೋಡೋಣ'. ಮೂರನೆಯ ಸಾಲಿನಲ್ಲಿ ನಲವತ್ತಮೂರು ಮಕ್ಕಳ ಹೆಸರು, ಹುಟ್ಟಿದ ತಾರೀಖು. ಅವರಲ್ಲದೆ ಇನ್ನೂ ಹುಟ್ಟದ ಇಬ್ಬರಿದ್ದರು, ಅವರನ್ನು ಅರ್ವಿಲ್ಲಾ ಎಣಿಸಲಿಲ್ಲ.

ಸೇಂಟ್ ಪಾಲ್‌ನಲ್ಲಿ ಅರ್ವಿಲ್ಲಾ ಮತ್ತು ಓರ್ಲಿನ್ ಎದುರು ಏಳು ಜನರ ಮಂಡಳಿ ಕೂತಿತ್ತು. ಅಧ್ಯಕ್ಷೆ ಮರಿಸೆಲಾ ಕಿಂಟಾನಾ ಹಾಳೆಗಳನ್ನು ತಿರುವಿ ಹಾಕಿ ಕನ್ನಡಕ ಸರಿಪಡಿಸಿಕೊಂಡಳು.

"ಒಂದೇ ಪ್ರಶ್ನೆ ಮೂರು ಸಲ ಅಚ್ಚಾಗಿದೆ. ಮುದ್ರಣದೋಷವಾ?"

"ಅಲ್ಲ ಮೇಡಂ," ಎಂದಳು ಅರ್ವಿಲ್ಲಾ. "ಮೂರನೇದೇ ಪ್ರಶ್ನೆ. ಮೊದಲೆರಡು ಮರ್ಯಾದೆ."

ಪಕ್ಕದಲ್ಲಿದ್ದ ಅಂಕಿಅಂಶದ ಪರಿಣತ ಪೆನ್ನು ಕೆಳಗಿಟ್ಟ. "ಮೊದಲನೇ ಉತ್ತರ ನೋಡಿದ್ರೆ ಯಾರಿಗೂ ಶಾಲೆ ಬೇಡ. ಮೂರನೇದು ನೋಡಿದ್ರೆ ಎಲ್ಲರಿಗೂ ಬೇಕು. ನಾವು ಯಾವುದನ್ನ ನಂಬೋದು?"

ಅರ್ವಿಲ್ಲಾ ಕಾಫಿಯ ವಿಷಯ ವಿವರಿಸಿದಳು. ನಾಲ್ವರು ತಲೆಯಾಡಿಸಿದರು. ಪರಿಣತ ತಲೆಯಾಡಿಸಲಿಲ್ಲ.

"ಊರಿನವರ ಮಾತು ಬಿಡಿ," ಎಂದಳು ಅಧ್ಯಕ್ಷೆ. "ನಿಮಗೆ ಬೇಕಾ? ನಿಮ್ಮ ಸಮಯ ಇನ್ನು ಎರಡು ನಿಮಿಷ. ಒಂದೇ ಸಲ ಕೇಳ್ತೀನಿ."

ಅರ್ವಿಲ್ಲಾಳ ನಾಲಿಗೆಯ ತುದಿಯಲ್ಲಿ 'ಅಯ್ಯೋ, ನಮಗೋಸ್ಕರ ತೊಂದರೆ' ಎಂಬುದು ಅರವತ್ತೇಳು ವರ್ಷದ ಅಭ್ಯಾಸದಿಂದ ಬಂದು ನಿಂತಿತ್ತು. ಅದನ್ನು ನುಂಗಿದಳು. ಒಣಗಿದ ಬ್ರೆಡ್ ನುಂಗಿದ ಹಾಗಾಯಿತು.

"ಬೇಕು," ಎಂದಳು.

ಓರ್ಲಿನ್ ತಲೆ ತಗ್ಗಿಸಿ, ಮಡಿಲಲ್ಲಿದ್ದ ತನ್ನ ಟೋಪಿಯ ಒಳಗೆ ಹೊಲಿದಿದ್ದ ಅಳತೆಯ ಚೀಟಿಯನ್ನು ಓದತೊಡಗಿದ.

"ತುಂಬಾ ಬೇಕು," ಎಂದು ಅರ್ವಿಲ್ಲಾ ಮುಂದುವರಿಸಿದಳು. "ಹನ್ನೊಂದು ಚಿಕ್ಕ ಮಕ್ಕಳಲ್ಲಿ ಎಂಟು ಮಕ್ಕಳು ಖಾಲಿ ಹೊಟ್ಟೇಲಿ ಬಸ್ ಹತ್ತುತ್ವೆ. ಇಳಿಯೋದು ಏಳೂ ಮುಕ್ಕಾಲಿಗೆ. ಅಷ್ಟು ಹೊತ್ತಿಗೆ ಎರಡು ಮಲಗಿರ್ತವೆ, ಒಂದು ವಾಂತಿ ಮಾಡಿರುತ್ತೆ. ಶಾಲೆ ಊರಲ್ಲೇ ಇದ್ರೆ ಏಳೂವರೆಗೆ ಏಳ್ಬೋದು, ಗಂಜಿ ಕುಡಿದು ನಡ್ಕೊಂಡೇ ಬರ್ಬೋದು. ನಂಗೆ ಬೇಕಾಗಿರೋದು ಅಷ್ಟೇ. ಉಳಿದ ನೂರ ಹದಿನೇಳು ಪುಟ ನೀವು ಕೇಳಿದ್ರಿ ಅಂತ ಬರೆದದ್ದು."

ಮಧ್ಯಾಹ್ನ ಎರಡು ಗಂಟೆಗೆ ಎಲ್ಲರೆದುರೇ ಕೈ ಎತ್ತಿಸಿ ಎಣಿಸಿದರು. ಐದು ಪರ, ಎರಡು ವಿರೋಧ. ಅನುಮತಿ ಸಿಕ್ಕಿತು. ಪರಿಣತ ವಿರೋಧದಲ್ಲಿದ್ದ, ಆದರೆ ಹೋಗುವಾಗ ಆ ಪ್ರಶ್ನಾವಳಿಯ ಒಂದು ಪ್ರತಿ ಕೇಳಿ ತೆಗೆದುಕೊಂಡ.

ಊರಿಗೆ ಐದು ಗಂಟೆಯ ದಾರಿ. ಓರ್ಲಿನ್ ಟ್ರಕ್ ಓಡಿಸುತ್ತ ಎರಡು ಗಂಟೆ ಬಾಯಿ ಬಿಡಲಿಲ್ಲ. ಏಳು ಜನ ಅಪರಿಚಿತರ ಮುಂದೆ ಹಾಗೆ ಬಾಯಿಬಿಟ್ಟು ಕೇಳಿದ್ದಕ್ಕೆ ಮುನಿದಿದ್ದಾನೆ ಎಂದುಕೊಂಡು ಅರ್ವಿಲ್ಲಾ ಕಿಟಕಿಯಾಚೆ ಹೊಲ ನೋಡುತ್ತಿದ್ದಳು. ಸಕ್ಕರೆ ಬೀಟ್‌ರೂಟ್ ಬಿತ್ತನೆ ನಡೆದಿತ್ತು.

"ಸಿಗ್ನೆ," ಎಂದ ಓರ್ಲಿನ್ ಇದ್ದಕ್ಕಿದ್ದಂತೆ.

"ಏನು?"

"ನನ್ನ ಮೊಮ್ಮಗಳು. ಜೂನ್‌ಗೆ ಐದು ತುಂಬುತ್ತೆ."

"ಗೊತ್ತು. ನೀನು ಮೂರೂ ಸಾಲು ಖಾಲಿ ಬಿಟ್ಟಿದ್ದೆ. ನಿಂಗೆ ಇಷ್ಟ ಇಲ್ಲ ಅಂತ ಸುಮ್ನಿದ್ದೆ."

"ಅಧ್ಯಕ್ಷನೇ ಮೊಮ್ಮಗಳ ಹೆಸರು ಬರೆದ್ರೆ ಚೆನ್ನಾಗಿರಲ್ಲ ಅಂತ." ಅವನ ಕಿವಿ ಕೆಂಪಾಗಿತ್ತು. "ಬರ್ಕೊಳ್ಳೆ. ಅವಳು ಆ ಬಸ್ಸಲ್ಲಿ ಹೋಗೋದು ನಂಗೆ ಬೇಡ."

ಅರ್ವಿಲ್ಲಾ ಚೀಲದಿಂದ ಪಟ್ಟಿ ತೆಗೆದಳು. ಕೊನೆಯ ಹೆಸರಿನ ಕೆಳಗೆ, ರಸ್ತೆಯ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾದರೂ, ನಲವತ್ತನಾಲ್ಕು ಎಂದು ಬರೆದು ಪಕ್ಕದಲ್ಲಿ ಸಿಗ್ನೆ ಸ್ಕೋಗೆನ್ ಎಂದು ಸೇರಿಸಿದಳು.

"ಬೆಳಗ್ಗೆ ಏನು ತಿಂತಾಳೆ?" ಎಂದು ಕೇಳಿದಳು.