ಇನ್ನೊಂದ್ಸಲ ಬನ್ನಿ

ನನ್ನ ತಮ್ಮ ಬ್ರೇಕ್ ಇನ್‌ಸ್ಪೆಕ್ಟರ್. ಅಂದರೆ ಲೈಸೆನ್ಸ್ ಕೇಳಿಕೊಂಡು ಬಂದವರ ಪಕ್ಕದ ಸೀಟಿನಲ್ಲಿ ಕೂತು, ಅವರು ಗಾಡಿ ಓಡಿಸುವುದನ್ನು ನೋಡಿ, ಪಾಸೋ ಫೇಲೋ ಹೇಳುವ ಕೆಲಸ. ಹೆಚ್ಚಾಗಿ ಫೇಲೇ ಹೇಳುತ್ತಾನೆ. ಆದರೆ ಆ ಶಬ್ದವನ್ನು ಮಾತ್ರ ಬಾಯಿಗೆ ತರುವುದಿಲ್ಲ. “ಬೇಜಾರು ಮಾಡ್ಕೋಬೇಡಿ, ಇನ್ನೊಂದ್ಸಲ ಬನ್ನಿ” ಎನ್ನುತ್ತಾನೆ. ಅದಕ್ಕೇ ಊರವರು ಅವನಿಗೆ ‘ಇನ್ನೊಂದ್ಸಲ’ ಎಂದೇ ಹೆಸರಿಟ್ಟಿದ್ದಾರೆ. ಇದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಸಂಗತಿಗಳು ಇನ್ನೂ ಇವೆ.

ನನ್ನ ಜೆರಾಕ್ಸ್ ಅಂಗಡಿ ಟೆಸ್ಟ್ ಮೈದಾನದ ಗೇಟಿಗೆ ಎದುರೇ ಇದೆ. ಪಾಸಾದವರು ಕಾಗದಪತ್ರ ಕಾಪಿ ಮಾಡಿಸಲು ಬರುತ್ತಾರೆ. ಫೇಲಾದವರು ನೀರು ಕುಡಿಯಲು ಬರುತ್ತಾರೆ, ಕುಡಿದಾದ ಮೇಲೆ ನನ್ನ ತಮ್ಮನನ್ನು ಬೈಯುತ್ತಾರೆ. ನಾನು ಅವನ ಅಕ್ಕ ಎಂದು ಅವರಿಗೆ ತಿಳಿದಿರುವುದಿಲ್ಲ. ನಾನೂ ಹೇಳಹೋಗುವುದಿಲ್ಲ, ಸುಮ್ಮನೆ ವ್ಯಾಪಾರ ಕೆಡಿಸಿಕೊಳ್ಳುವುದೇಕೆ? ಅವನನ್ನು ಹೆತ್ತವರಿಗೆ ಅವರು ಅನ್ನುವ ಮಾತುಗಳಿವೆಯಲ್ಲ, ಅವು ನನ್ನನ್ನು ಹೆತ್ತವರಿಗೂ ಸಲ್ಲುತ್ತವೆ. ಕೇಳಿಸಿಕೊಂಡು ಚಿಲ್ಲರೆ ಕೊಡುತ್ತೇನೆ.

ಅವನು ಕೆಟ್ಟವನಲ್ಲ. ಯಾರ ಕೈಯಿಂದಲೂ ಒಂದು ಲೋಟ ಟೀ ಮುಟ್ಟಿದವನಲ್ಲ. ಸೋದರಮಾವನನ್ನು ಫೇಲು ಮಾಡಿದ್ದಾನೆ, ಅವರು ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಾರೆ, ಅದರಿಂದ ಒಳ್ಳೆಯದೇ ಆಗಿದೆ. ನನ್ನನ್ನೂ ಫೇಲು ಮಾಡಿದ್ದಾನೆ. ಇಂಡಿಕೇಟರ್ ಹಾಕಲಿಲ್ಲವಂತೆ. ಖಾಲಿ ಮೈದಾನದಲ್ಲಿ ಯಾರಿಗೆ ಹಾಕಿ ತೋರಿಸಲಿ? ಟೆಸ್ಟಿನ ಉದ್ದಕ್ಕೂ ಒಂದು ಮಾತೂ ಆಡುವುದಿಲ್ಲ. ತೊಡೆಯ ಮೇಲೆ ರಟ್ಟು, ಕೈಯಲ್ಲಿ ಪೆನ್ನು. ತಪ್ಪು ಕಂಡ ಕೂಡಲೇ ಪೆನ್ನಿನ ತಲೆ ಒತ್ತುತ್ತಾನೆ. ಟಕ್. ಆ ಶಬ್ದಕ್ಕೆ ಗಟ್ಟಿಮುಟ್ಟಾದ ಗಂಡಸರ ಕಾಲು ಬ್ರೇಕಿನ ಬದಲು ಆಕ್ಸಿಲರೇಟರ್ ಮೇಲೆ ಹೋಗಿರುವುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಅವನ ಮಗಳು ಬುಗುರಿ. ಬೇರೆ ಹೆಸರಿದೆ, ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಎಲ್ಲೂ ಬಳಕೆಯಲ್ಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಮಗು. ಊಟಕ್ಕೆ ಕೂತರೆ ಮೊದಲ ತುತ್ತು ಮೇಜಿನ ಹತ್ತಿರ, ಎರಡನೆಯದು ಕಿಟಕಿಯ ಹತ್ತಿರ, ಮೂರನೆಯದನ್ನು ಹಿಡಿದುಕೊಂಡು ನಾವೇ ಅವಳನ್ನು ಹುಡುಕಬೇಕು. ಒಂದು ಶೂ ಹಾಕಿಕೊಂಡಾದ ಮೇಲೆ ಇನ್ನೊಂದು ಕಾಲೂ ಇದೆ ಎಂಬುದು ಅವಳಿಗೆ ಮರೆತುಹೋಗುತ್ತದೆ. ಮಾತಿನಲ್ಲಿ ಮಾತ್ರ ನಮ್ಮನ್ನೆಲ್ಲ ಸಂತೆಯಲ್ಲಿ ಮಾರಿ ಬರುತ್ತಾಳೆ. ನನಗೆ ಮಕ್ಕಳಿಲ್ಲ, ಅವಳಿದ್ದಾಳೆ.

ಮಕ್ಕಳ ಡಾಕ್ಟರು ನಾಲ್ಕಾರು ಸಲ ಕರೆಸಿ, ನೋಡಿ, ಎಡಿಎಚ್‌ಡಿ ಎಂದರು. ಇದು ಹಠವಲ್ಲ, ಸೊಕ್ಕಲ್ಲ, ನೀವು ಬೆಳೆಸಿದ ತಪ್ಪೂ ಅಲ್ಲ, ಮಿದುಳೇ ಹಾಗಿದೆ, ಗಮನ ಹಿಡಿದಿಡುವುದೂ ಮೈಯನ್ನು ತಡೆಯುವುದೂ ಅವಳಿಗೆ ಬೇರೆ ಮಕ್ಕಳಿಗಿಂತ ಕಷ್ಟ ಎಂದು ಬಿಡಿಸಿ ಹೇಳಿದರು. ನನ್ನ ತಮ್ಮನಿಗೆ ತಿಳಿಯಲಿ ಎಂದೋ ಏನೋ, “ಇಂಜಿನ್ ಚೆನ್ನಾಗಿದೆ ಸರ್, ಬ್ರೇಕ್ ಹಿಡಿಯೋದು ಸ್ವಲ್ಪ ನಿಧಾನ” ಎಂದೂ ಸೇರಿಸಿದರು. ಹೇಳಬಾರದ ಮನುಷ್ಯನಿಗೆ ಹೇಳಿದರು. ಬ್ರೇಕ್ ಸರಿಯಿಲ್ಲದ ಗಾಡಿಯನ್ನು ರಸ್ತೆಗೆ ಬಿಡುವ ಹಾಗಿಲ್ಲ ಎಂಬುದು ಅವನ ಇಲಾಖೆಯ ಮೊದಲ ಪಾಠ.

ಹಾಗಾಗಿ ವರ್ಷದ ಕೊನೆಗೆ ಶಾಲೆಯ ಹೆಡ್ ಮಿಸ್ಸು ಗಂಡಹೆಂಡಿರನ್ನು ಕರೆಸಿ, ಬುಗುರಿ ಇನ್ನೊಂದು ವರ್ಷ ಶಿಶುವಿಹಾರದಲ್ಲೇ ಕೂತರೆ ಒಳ್ಳೆಯದು ಎಂದಾಗ, ನನ್ನ ತಮ್ಮ ತಲೆಯಾಡಿಸಿದ. ಅಕ್ಷರ ಬರುತ್ತದೆ, ಅಂಕಿ ಬರುತ್ತದೆ, ಆದರೆ ಒಂದು ಸಾಲನ್ನೂ ಬರೆದು ಮುಗಿಸುವುದಿಲ್ಲ, ಕಿಟಕಿಯ ಆಚೆ ನಾಯಿ ಹೋದರೆ ಇವಳೂ ಹೋಗುತ್ತಾಳೆ, ಮೇಲಾಗಿ ಕ್ಲಾಸಿಗೆಲ್ಲ ಚಿಕ್ಕವಳು ಎಂದರಂತೆ. “ಬೇಜಾರು ಮಾಡ್ಕೋಬೇಡಿ. ಇನ್ನೊಂದ್ಸಲ, ಅಷ್ಟೆ” ಎಂದರಂತೆ. ಅವನ ಮಾತನ್ನು ಅವನಿಗೇ ಹೇಳಿದ್ದರು, ಅವನಿಗೆ ಗುರುತು ಸಿಗಲಿಲ್ಲ.

ತಮ್ಮನ ಹೆಂಡತಿಗೆ ಸಿಕ್ಕಿತು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ದಿನವಿಡೀ ಬೇರೆಯವರ ರಕ್ತ ನೋಡಿ ಸಂಜೆ ಮನೆಗೆ ಬಂದು ತನ್ನದನ್ನು ಕುದಿಸುತ್ತಾಳೆ.

“ಅತ್ತಿಗೆ, ಆ ಹೆಡ್ ಮಿಸ್ಸನ್ನ ಇವರು ಎರಡು ಸಲ ಫೇಲ್ ಮಾಡಿದ್ದಾರೆ, ಗೊತ್ತಾ ನಿಮಗೆ?” ಎಂದಳು.

ನನಗೆ ಗೊತ್ತಿತ್ತು. ಎರಡೂ ಸಲ ನೀರು ಕೊಟ್ಟವಳು ನಾನೇ. ಆಕೆ ಬೈಯದೆ ನೀರು ಕುಡಿದ ಕೆಲವೇ ಜನರಲ್ಲಿ ಒಬ್ಬರು.

“ಇವರ ಮೇಲಿನ ಸಿಟ್ಟು ಮಗು ಮೇಲೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.”

“ಆಯಮ್ಮ ಅಂಥೋರಲ್ಲ ಕಣೆ” ಎಂದ ನನ್ನ ತಮ್ಮ. “ರಿವರ್ಸ್ ಬರಲ್ಲ ಅಷ್ಟೆ. ಇನ್ನೊಂದು ವರ್ಷ ಕೂತ್ರೆ ಏನ್ ಕಳ್ಕೊಳ್ತೀವಿ? ಗಟ್ಟಿಯಾಗ್ತಾಳೆ.”

“ಅವಳ ಜೊತೆಯವರೆಲ್ಲ ಮೇಲೆ ಹೋಗ್ತಾರೆ. ಇವಳು ತನಗಿಂತ ಗೇಣುದ್ದ ಚಿಕ್ಕ ಮಕ್ಕಳ ಮಧ್ಯೆ ಕೂತು ಅದೇ ಪದ್ಯ ಹೇಳ್ಬೇಕು. ನೀವು ಕೂರ್ತೀರಾ?”

“ನಿಯಮ ಅಂತ ಇದ್ರೆ ಕೂರ್ತೀನಿ.”

ಕೂರುತ್ತಿದ್ದ, ಅದೂ ನಿಜ. ಡಾಕ್ಟರನ್ನು ಕೇಳಿದರೆ, ಕೆಲವು ಮಕ್ಕಳಿಗೆ ಅನುಕೂಲವಾಗುತ್ತದೆ, ಕೆಲವರಿಗೆ ಆಗುವುದಿಲ್ಲ, ಸುಮ್ಮನೆ ಒಂದು ವರ್ಷ ಕೂರಿಸುವುದೇ ಔಷಧಿಯಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಸೋಮವಾರ ಶಾಲೆಗೆ ಉತ್ತರ ಹೇಳಬೇಕಿತ್ತು. ಅದಕ್ಕೆ ಮುಂಚಿನ ಶನಿವಾರ ಹೆಡ್ ಮಿಸ್ಸಿನ ಮೂರನೆಯ ಟೆಸ್ಟ್ ಇತ್ತು.

“ಪಾಸ್ ಮಾಡ್ಬಿಡಿ” ಎಂದಳು ಹೆಂಡತಿ. ನನ್ನ ತಮ್ಮ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಅವಳು ಎದ್ದು ಪಾತ್ರೆ ತೊಳೆಯಲು ಹೋದಳು.

ನಮ್ಮ ಮನೆಯಲ್ಲಿ ಒಂದು ಆಟವಿದೆ. ಬುಗುರಿ ಊಟದ ಮೇಜಿನ ಕುರ್ಚಿಗಳನ್ನು ಕಿಟಕಿಯ ಹತ್ತಿರ ಎರಡೆರಡಾಗಿ ಜೋಡಿಸಿ, ತಟ್ಟೆಯೊಂದನ್ನು ಸ್ಟೀರಿಂಗ್ ಮಾಡಿ, ಪಕ್ಕದಲ್ಲಿ ಅಪ್ಪನ ಹಳೆಯ ಪೆನ್ನು ಹಿಡಿದು ಕೂರುತ್ತಾಳೆ. ಗೊಂಬೆ, ದಿಂಬು, ನಾನು, ಸರದಿಯಲ್ಲಿ ಟೆಸ್ಟಿಗೆ ಹೋಗುತ್ತೇವೆ. ಯಾರೂ ಪಾಸಾದ ದಾಖಲೆ ಇಲ್ಲ. ನಾನು ಪ್ರತಿಸಲ ಕಂಬಕ್ಕೆ ಗುದ್ದುತ್ತೇನಂತೆ. ಟಕ್ ಅನ್ನಿಸಿ, ಗಂಟಲು ದಪ್ಪ ಮಾಡಿಕೊಂಡು “ಬೇಜಾರು ಮಾಡ್ಕೋಬೇಡಿ, ಇನ್ನೊಂದ್ಸಲ ಬನ್ನಿ” ಎನ್ನುತ್ತಾಳೆ. ಇದು ನಮಗೆಲ್ಲ ಭಾರಿ ನಗೆಯ ವಿಷಯವಾಗಿತ್ತು. ಈ ಆಟದಲ್ಲಿ ಅವಳು ಎಷ್ಟು ಹೊತ್ತು ಬೇಕಾದರೂ ಕೂರುತ್ತಾಳೆ ಎಂಬುದನ್ನು ನಾವ್ಯಾರೂ ಗಮನಿಸಿರಲಿಲ್ಲ.

ಆ ಶುಕ್ರವಾರ ಸಂಜೆ ಡ್ರೈವರ್ ಕುರ್ಚಿಯ ಮೇಲೆ ಅವಳ ಶಾಲೆಯ ಬ್ಯಾಗು ಕೂತಿತ್ತು. ಟಕ್ ಎಂದಿತು ಪೆನ್ನು.

“ಬೇಜಾರು ಮಾಡ್ಕೋಬೇಡ. ಇನ್ನೊಂದ್ಸಲ ಬಾ” ಎಂದಳು ಬ್ಯಾಗಿಗೆ. ಆಮೇಲೆ ನನ್ನ ಕಡೆ ತಿರುಗಿ, “ಅತ್ತೆ, ಇದು ನಾನು” ಎಂದಳು.

ಅಳುತ್ತಿರಲಿಲ್ಲ. ಇದು ಗೊಂಬೆ, ಇದು ದಿಂಬು ಎಂದು ಹೇಳುವ ದನಿಯಲ್ಲೇ ಹೇಳಿದಳು. ಮಕ್ಕಳು ಮಲಗಿದ್ದಾರೆ ಎಂದುಕೊಂಡು ಮಾತಾಡುವ ದೊಡ್ಡವರ ಬಾಯಿಗೆ ಹೊಲಿಗೆ ಹಾಕಬೇಕು. ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ ನನ್ನ ತಮ್ಮ ಬಿಚ್ಚಿದ್ದನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ಕನ್ನಡಕ ತೆಗೆದು ಒರೆಸಿದ. ಬಾಯಿಗೆ ಮಾತು ಬರದಿದ್ದಾಗ ಅವನು ಚಿಕ್ಕಂದಿನಿಂದಲೂ ಮಾಡುವುದು ಅದೊಂದೇ ಕೆಲಸ.

ಶನಿವಾರ ಹೆಡ್ ಮಿಸ್ಸು ಬಂದರು. ಮೈದಾನ ನನ್ನ ಅಂಗಡಿಯಿಂದ ಚೆನ್ನಾಗಿ ಕಾಣುತ್ತದೆ. ಮುಂದಕ್ಕೆ ಸರಿಯಾಗಿ ಓಡಿಸಿದರು. ತಿರುವಿನಲ್ಲಿ ಸರಿಯಾಗಿ ತಿರುಗಿಸಿದರು. ರಿವರ್ಸಿನಲ್ಲಿ ಕಾರು ಒಂದು ಗಳಿಗೆ ತಡೆದು ನಿಂತಿತು, ಆಮೇಲೆ ಹುಚ್ಚು ಹಿಡಿದಂತೆ ಹಿಂದೆ ಹೋಗಿ ಕೆಂಪು ಕೋನನ್ನು ಕೆಡವಿತು. ಕಾರಿನ ಕಿಟಕಿಯಲ್ಲಿ ನನ್ನ ತಮ್ಮನ ತಲೆ ಆ ಕಡೆ ಈ ಕಡೆ ಅಲ್ಲಾಡಿತು. ಸೋಮವಾರದ ಕತೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಕೆ ನನ್ನ ಅಂಗಡಿಗೆ ಬಂದರು, ನೀರು ಕೇಳಿದರು. ಊಟದ ಡಬ್ಬಿ ನನ್ನ ಹತ್ತಿರವೇ ಇರುತ್ತದಾದ್ದರಿಂದ ತಮ್ಮನೂ ಹಿಂದೆಯೇ ಬಂದ. ಮುಖಾಮುಖಿಯಾಯಿತು. ಅವನು ಅಭ್ಯಾಸಬಲದಿಂದ ಬಾಯಿ ತೆರೆದ.

“ಬೇಜಾರು ಮಾಡ್ಕೋಬೇಡಿ...”

“ಬೇಜಾರೇನಿಲ್ಲ ಸರ್. ಒಂದ್ ಮಾತು ಕೇಳ್ಲಾ?” ಎಂದರು ಹೆಡ್ ಮಿಸ್ಸು, ಲೋಟ ಕೆಳಗಿಡದೆ. “ನನಗೆ ರಿವರ್ಸ್ ಬರಲ್ಲ ಅಂದ್ಕೊಂಡಿದ್ದೀರಾ? ಶಾಲೆ ಹಿಂದೆ ಎರಡು ಬಕೆಟ್ ಇಟ್ಕೊಂಡು ದಿನಾ ಬೆಳಿಗ್ಗೆ ಮಾಡ್ತೀನಿ. ಬಕೆಟ್ಟಿಗೆ ಒಂದ್ಸಲಾನೂ ತಾಗ್ಸಿಲ್ಲ. ಇಲ್ಲಿ ಬಂದು ನಿಮ್ಮ ಪೆನ್ನು ಟಕ್ ಅಂದ್ರೆ ಸಾಕು, ಕೈಕಾಲು ನಂದಲ್ಲ. ಇನ್ನೊಂದ್ಸಲ ಬನ್ನಿ ಅಂತೀರಿ. ಬರ್ತೀನಿ. ಇದೇ ಜಾಗ, ಇದೇ ಪೆನ್ನು, ಪಕ್ಕದಲ್ಲಿ ಇದೇ ನೀವು. ಇನ್ನೊಂದ್ಸಲ ಬಂದ್ರೆ ಏನ್ ಬದಲಾಗತ್ತೆ, ನೀವೇ ಹೇಳಿ?”

ಇಷ್ಟು ವರ್ಷ ಇದೇ ಮಾತನ್ನು ಕೆಟ್ಟ ಭಾಷೆಯಲ್ಲಿ ನಾನು ಕೇಳುತ್ತ ಬಂದಿದ್ದೆ. ಒಳ್ಳೆಯ ಭಾಷೆಯಲ್ಲಿ, ಅದೂ ಅವನ ಮುಖಕ್ಕೇ ಹೇಳಿದ್ದು ಇದೇ ಮೊದಲು. ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

“ಮೇಡಂ” ಎಂದ ಕೊನೆಗೆ. “ಬುಗುರಿ ಇನ್ನೊಂದು ವರ್ಷ ಅಲ್ಲೇ ಕೂತ್ರೆ... ಅದೇ ಮಿಸ್ಸಾ?”

“ಹೌದು.”

“ಅದೇ ರೂಮಾ?”

“ಹೌದು.”

“ಕಿಟಕಿ ಪಕ್ಕದ ಅದೇ ಜಾಗಾನಾ?”

ಹೆಡ್ ಮಿಸ್ಸು ಲೋಟವನ್ನು ನನ್ನ ಮೇಜಿನ ಮೇಲಿಟ್ಟರು. ಇಬ್ಬರೂ ಹೋಮ್‌ವರ್ಕ್ ಮಾಡದೆ ಬಂದು ಕ್ಲಾಸಿನ ಹೊರಗೆ ನಿಂತ ಮಕ್ಕಳ ಹಾಗೆ ನಿಂತಿದ್ದರು. ನಾನು ತಮ್ಮನ ಡಬ್ಬಿ ಬಿಚ್ಚಿಟ್ಟೆ, ಹಸಿವಿಗೆ ಇದೆಲ್ಲ ಗೊತ್ತಾಗುವುದಿಲ್ಲವಲ್ಲ.

“ಸೋಮವಾರ ಬನ್ನಿ ಸರ್” ಎಂದರು ಆಕೆ. “ನಾನೂ ಸ್ವಲ್ಪ ಯೋಚನೆ ಮಾಡ್ತೀನಿ.”

ಸೋಮವಾರ ನಾನೂ ಹೋದೆ. ನನ್ನನ್ನು ಕರೆದಿರಲಿಲ್ಲ. ಶಿಶುವಿಹಾರದ ಕೋಣೆಯಲ್ಲಿ ಮೊಣಕಾಲಷ್ಟು ಎತ್ತರದ ಕುರ್ಚಿಗಳು. ನನ್ನ ತಮ್ಮ ಅದರಲ್ಲಿ ಕೂತಾಗ ಅವನ ಮಂಡಿ ಕಿವಿಗೆ ತಾಗುವಷ್ಟು ಮೇಲೆ ಬಂತು. ಅವನ ಹೆಂಡತಿ ಜಗಳಕ್ಕೆ ಸಿದ್ಧಳಾಗಿ ಬಂದಿದ್ದಳು, ಜಗಳವೇ ಹುಟ್ಟದೆ ನಿರಾಸೆಯಾದಂತೆ ಕಂಡಳು.

ಬುಗುರಿಯನ್ನು ಒಂದನೇ ಕ್ಲಾಸಿಗೆ ಕಳಿಸುವುದು ಎಂದಾಯಿತು. ಹಾಗೆಂದು ಹಾರ ಹಾಕಿ ಕಳಿಸಲಿಲ್ಲ. ಒಂದನೇ ಕ್ಲಾಸಿನ ಮಿಸ್ಸು ವಯಸ್ಸಾದವರು, ತಾವೇ ಕೂತಲ್ಲಿ ಕೂರುವವರಲ್ಲ, ಪಾಠ ಮಾಡುತ್ತ ಕೋಣೆಯೆಲ್ಲ ಓಡಾಡುತ್ತಾರೆ. “ನನ್ ಜೊತೆ ಅವಳೂ ಓಡಾಡ್ಲಿ ಬಿಡಿ” ಎಂದರು. ಕಿಟಕಿಯಿಂದ ದೂರ, ಬೋರ್ಡಿನ ಹತ್ತಿರ ಜಾಗ. ಇಡೀ ಪುಟದ ಬದಲು ಎರಡೆರಡು ಸಾಲು. ನಡುನಡುವೆ ಸೀಮೆಸುಣ್ಣ ತರುವ ಕೆಲಸ. ಅಪ್ಪ ಅಮ್ಮ ಡಾಕ್ಟರ ಹತ್ತಿರ ಹೋಗಿ, ಕೂಗಾಡದೆ ಹೇಳಿಕೊಡುವುದನ್ನು ಕಲಿಯಬೇಕು. ಅರ್ಧ ವರ್ಷ ಕಳೆದ ಮೇಲೆ ಮಗು ಸೊರಗಿದರೆ ಮತ್ತೆ ಕೂತು ಮಾತಾಡುವುದು. “ಗ್ಯಾರಂಟಿ ಕೊಡಕ್ಕಾಗಲ್ಲ” ಎಂದರು ಹೆಡ್ ಮಿಸ್ಸು. “ನಾನೂ ಕೊಡಲ್ಲ” ಎಂದ ನನ್ನ ತಮ್ಮ, ಸಮಾಧಾನದಿಂದ.

ಎದ್ದು ಹೊರಡುವಾಗ ಅವನು ಬಾಗಿಲಲ್ಲಿ ನಿಂತು, ಮುಂದಿನ ಸಲ ಮೇಡಮ್ಮಿನ ಟೆಸ್ಟಿಗೆ ಪಕ್ಕದಲ್ಲಿ ತಾನು ಕೂರುವುದಿಲ್ಲ, ಇನ್ನೊಬ್ಬ ಇನ್‌ಸ್ಪೆಕ್ಟರಿಗೆ ಹೇಳಿದ್ದಾಗಿದೆ, ಅವನೂ ಬಿಗಿಯೇ, ಆದರೆ ಪೆನ್ಸಿಲ್ಲಿನಲ್ಲಿ ಬರೆಯುತ್ತಾನೆ ಎಂದ. ಆಕೆ ನಕ್ಕರು. ತಿಂಗಳೊಪ್ಪತ್ತಿನಲ್ಲಿ ಪಾಸೂ ಆದರು, ನನ್ನ ಅಂಗಡಿಯಲ್ಲೇ ಕಾಪಿ ಮಾಡಿಸಿದರು. ಇಬ್ಬರೂ ಕೊಟ್ಟು ತೆಗೆದುಕೊಂಡರು ಎಂದು ಬೀದಿಯಲ್ಲಿ ಮಾತಾಯಿತು. ಮೂರನೆಯ ಸಲವೂ ಫೇಲು ಮಾಡಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು?

ನನ್ನ ತಮ್ಮ ಈಗಲೂ ಫೇಲು ಮಾಡುತ್ತಾನೆ. ಆದರೆ ಕಾರಿನಿಂದ ಇಳಿದು, ಎಲ್ಲಿ ತಪ್ಪಿತು, ಕನ್ನಡಿ ಯಾವಾಗ ನೋಡಬೇಕಿತ್ತು ಎಂದು ಅವರಿಗೆ ಕೈಮಾಡಿ ತೋರಿಸುತ್ತಾನೆ. ಕೆಲಸ ನಿಧಾನವಾಗಿ ಸಾಲು ಗೇಟಿನ ಹೊರಗೆ ಬಂದಿದೆ. ಈಗ ಫೇಲಾದವರ ಜೊತೆಗೆ ಕಾಯುವವರೂ ಬಂದು ನನ್ನ ಹತ್ತಿರ ಬೈಯುತ್ತಾರೆ.

ಬುಗುರಿ ಒಂದನೇ ಕ್ಲಾಸಿನಲ್ಲಿದ್ದಾಳೆ. ಕೆಲವು ದಿನ ಚೆನ್ನಾಗಿರುತ್ತವೆ. ಕೆಲವು ದಿನ ಒಂದೇ ಶೂ ಹಾಕಿಕೊಂಡು ಮನೆಗೆ ಬರುತ್ತಾಳೆ. ಅರ್ಧ ವರ್ಷ ಇನ್ನೂ ಆಗಿಲ್ಲ, ನನ್ನ ಎದೆಯೊಳಗಿನ ಪುಕುಪುಕು ಇನ್ನೂ ನಿಂತಿಲ್ಲ.

ಮೊನ್ನೆ ಮತ್ತೆ ಟೆಸ್ಟಿಗೆ ಕರೆದಳು. ನಾನು ಅಭ್ಯಾಸದಂತೆ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು, ತಟ್ಟೆ ತಿರುಗಿಸಿ, ಅಭ್ಯಾಸದಂತೆ ಕಂಬಕ್ಕೆ ಗುದ್ದಿದೆ. ಟಕ್ ಎನ್ನುವುದನ್ನು ಕಾಯುತ್ತಿದ್ದೆ. ಬರಲಿಲ್ಲ. ಅವಳು ಎದ್ದು ನನ್ನ ಕೈ ಹಿಡಿದು ಎಬ್ಬಿಸಿದಳು. ಎರಡೂ ಕುರ್ಚಿಗಳನ್ನು ಒಂದೊಂದಾಗಿ ದರದರ ಎಳೆದು ಗೋಡೆಯ ಪಕ್ಕ ಇಟ್ಟಳು.

“ಇಲ್ಲಿ ಕೂತ್ಕೋ ಅತ್ತೆ” ಎಂದಳು. “ಅಲ್ಲಿ ಕೂತ್ರೆ ನಾಯಿ ಕಾಣ್ಸತ್ತೆ. ಆಮೇಲೆ ನಿನ್ನ ಕೈಲಿ ಆಗಲ್ಲ.”

ಕೂತೆ. ಕಣ್ಣಲ್ಲಿ ನೀರಿದ್ದುದರಿಂದ ರಸ್ತೆ ಸರಿಯಾಗಿ ಕಾಣಲಿಲ್ಲ. ಆದರೂ ಆ ಸಲ ಕಂಬ ತಪ್ಪಿಸಿದೆ.