ಹಾಸಿನೊಳಗೆ ಉಳಿದ ಕೊಕ್ಕೆಯ ತುದಿ

ಗೋಣಿತಟ್ಟಿನ ಮೇಲೆ ಹಳೆಯ ಸೀರೆಯ ಪಟ್ಟಿಗಳನ್ನು ಕೊಕ್ಕೆಯಿಂದ ಕುಣಿಕೆ ಕುಣಿಕೆಯಾಗಿ ಎಳೆದು ಹಾಸು ಮಾಡುವುದನ್ನು ನಾನು ತಿಕೋಟಾದ ಮಹಿಳಾ ಸಂಘದಲ್ಲಿ ಕಲಿತೆ. ನಮ್ಮ ಕಡೆ ಕೌದಿ ಹೊಲಿಯದ ಮನೆಯಿಲ್ಲ, ಇದು ಮಾತ್ರ ಹೊಸದು. ಇದೇ ಹುಚ್ಚಿನವರು ಬೇರೆ ಬೇರೆ ದೇಶಗಳಿಂದ ವಿಜಯಪುರಕ್ಕೆ ಬಂದು ಕೂಡುತ್ತಾರೆಂದು ಸಂಘದವರು ಹೇಳಿದಾಗ, ನಾನೂ ಭಾವನ ಹೆಂಡತಿಯಾದ ನನ್ನ ನೆಗೆಣ್ಣಿಯೂ ಬಬಲೇಶ್ವರದಿಂದ ಬೆಳಗಿನ ಬಸ್ಸಿಗೆ ಹೊರಟೆವು.

ಬಸ್ಸಿನ ನೂಕಾಟದಲ್ಲಿ ನನ್ನ ಹಾಸಿನ ಒಂದು ಅಂಚು ಬಿಚ್ಚಿಕೊಂಡಿತು. ಅಥಣಿ ರಸ್ತೆಯ ಕಲ್ಯಾಣಮಂಟಪ ಮುಟ್ಟಿದವಳೇ ಮೂಲೆಯಲ್ಲಿ ಕುಳಿತು ಅದನ್ನು ಸರಿಪಡಿಸತೊಡಗಿದೆ.

“ಲಗೂನ ಮುಗಸ, ಕರಿಯಾಕತ್ತಾರ,” ಎಂದು ನೆಗೆಣ್ಣಿ ಅವಸರಿಸಿದಳು.

ಕಡೆಯ ಕುಣಿಕೆ ಬರಲೊಲ್ಲದು. ಜೋರಾಗಿ ಜಗ್ಗಿದೆ, ಬಂತು. ಹಾಸನ್ನು ಒಯ್ದು ಸಂಘಟಕರಿಗೆ ಕೊಟ್ಟೆ.

ಎಲ್ಲರ ಹಾಸುಗಳನ್ನೂ ನೆಲದ ಮೇಲೆ ಸಾಲಾಗಿ ಹಾಸಿದರು. ಬಂದವರೆಲ್ಲ ಬರಿಗಾಲಲ್ಲಿ ಅವುಗಳ ಮೇಲೆ ನಡೆಯಬೇಕು, ಆಮೇಲೆ ಮಾತುಕತೆ. ಕೆನಡಾದಿಂದ ಬಂದಿದ್ದ ಬಿಳಿಗೂದಲ ಅಜ್ಜಿಯೊಬ್ಬರು, ದುಭಾಷಿ ಹುಡುಗಿಯ ಕೈಹಿಡಿದು ಮುಂದೆ ನಡೆದರು. ಇತ್ತ ನನ್ನ ಕೊಕ್ಕೆಯನ್ನು ಚೀಲಕ್ಕೆ ಹಾಕಲು ಹೋದವಳು ನೋಡುತ್ತೇನೆ, ಅದರ ತುದಿಯೇ ಇಲ್ಲ.

“ಅಕ್ಕಾ, ಕೊಕ್ಕಿ ಮುರದೈತಿ. ತುದಿ ಹಾಸಿನಾಗ ಉಳದೈತಿ.”

“ಕೆಳಗ ಬಿದ್ದಿರಬೇಕು ಬಿಡ. ಈಗ ಒದರಿದ್ರ ಸಂಘದ ಮಾನ ಹೋಗತೈತಿ,” ಎಂದು ನೆಗೆಣ್ಣಿ ಪಿಸುಗುಟ್ಟಿದಳು.

ಅಜ್ಜಿ ನನ್ನ ಹಾಸಿನ ಪಕ್ಕದ ಹಾಸಿನ ಮೇಲೆ ಬಂದರು. ಅವರ ಅಂಗಾಲು ಕೂಸಿನದರಂತೆ ಮೆತ್ತಗಿತ್ತು. ಅದು ನನ್ನ ಹಾಸಿನತ್ತ ಮೇಲೆದ್ದಿತು.

“ನಿಂದರ್ರಿ! ಕಾಲ ಇಡಬ್ಯಾಡ್ರಿ!”

ಭಾಷೆ ತಿಳಿಯದಿದ್ದರೂ ನನ್ನ ದನಿಗೆ ಅವರು ಬೆದರಿ ತಡೆದರು, ಒಂಟಿಕಾಲಲ್ಲಿ ವಾಲಿದರು. ಹುಡುಗಿ ತೆಕ್ಕೆಹಾಯ್ದು ಹಿಡಿಯದಿದ್ದರೆ ಬಿದ್ದೇ ಬಿಡುತ್ತಿದ್ದರು.

ಓಡಿಹೋಗಿ ಮುರಿದ ಕೊಕ್ಕೆಯನ್ನು ಎತ್ತಿ ತೋರಿಸಿದೆ. ಯಾರೂ ಅನುವಾದಿಸಬೇಕಾಗಲಿಲ್ಲ. ಅಜ್ಜಿ ಮೆಲ್ಲಗೆ ನೆಲಕ್ಕೆ ಕುಳಿತು, ಹೇನು ನೋಡುವವರ ಹಾಗೆ ಕುಣಿಕೆಗಳನ್ನು ಬಿಡಿಸಿ ನೋಡತೊಡಗಿದರು. ಸುತ್ತಲಿನ ಹೆಂಗಸರೂ ಬಂದು ಕುಳಿತರು. ಅಂಚಿನಲ್ಲಿ ಸಿಗಲಿಲ್ಲ. ಹಾಸನ್ನು ಮಗುಚಿದೆವು, ಅಲ್ಲಿಯೂ ಇಲ್ಲ. ಹಾಗಾದರೆ ಹಾಸು ಹಾಸಿದವರ ಕಾಲಿಗೇನಾದರೂ ಅಂಟಿ ಹೋಯಿತೇ? ಸಂಘಟಕರು ಗಡಿಯಾರ ನೋಡಿಕೊಂಡರು.

ಅಷ್ಟು ಹೊತ್ತು ದೂರ ನಿಂತಿದ್ದ ನೆಗೆಣ್ಣಿ ಆಗ ಬಂದು ಅಂಗೈಯಿಂದ ಹಾಸನ್ನು ಒತ್ತಿ ಒತ್ತಿ ಸವರಿದಳು. ಒಮ್ಮೆಲೇ “ಹಾಂ!” ಎಂದು ಕೈ ಹಿಂದೆಗೆದಳು. ಹೆಬ್ಬೆರಳಲ್ಲಿ ರಕ್ತದ ಹನಿ.

“ಇಲ್ಲೈತಿ ನೋಡ,” ಎಂದು ಒಳಸಾಲಿನಿಂದ ಆ ಚೂರನ್ನು ಕಿತ್ತು ನನ್ನ ಕೈಗಿಟ್ಟಳು. ಬೈಯಲಿಲ್ಲ.

ಇನ್ನು ಇದನ್ನು ಇಲ್ಲಿಡುವುದು ಬೇಡವೆಂದು ಹಾಸು ಮಡಚತೊಡಗಿದೆ. ಅಜ್ಜಿ ನನ್ನ ಮುಂಗೈ ಹಿಡಿದು ಏನೋ ಹೇಳಿದರು.

“ಮಡಚಬ್ಯಾಡ್ರಿ ಅಂತಾರ,” ಎಂದಳು ಹುಡುಗಿ. “ಮೊದಲ ನೀವ ನಡೀಬೇಕಂತ. ನಿಮ್ಮ ಹಿಂದ ಬರತಾರಂತ.”

ಎಷ್ಟೋ ತಿಂಗಳು ಮಾಡಿದ ಆ ಹಾಸಿನ ಮೇಲೆ, ಕೊಳೆಯಾದೀತೆಂದು ನಾನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಈಗ ಇಟ್ಟೆ. ಉಸಿರು ಬಿಗಿಹಿಡಿದು ಆಚೆ ಕೊನೆಯವರೆಗೆ ನಡೆದೆ. ಏನೂ ಚುಚ್ಚಲಿಲ್ಲ. ತಿರುಗಿ ನೋಡಿದರೆ ಅಜ್ಜಿ, ಅವರ ಹಿಂದೆ ಸೀರೆಯನ್ನು ತುಸು ಎತ್ತಿ ಹಿಡಿದ ನೆಗೆಣ್ಣಿ, ಇಬ್ಬರೂ ಜೋಪಾನವಾಗಿ ಹೆಜ್ಜೆಯಿಡುತ್ತಾ ಬರುತ್ತಿದ್ದರು.