ನಡುವಿನ ಬೆಂಚು

ನಮ್ಮ ಕಡೆ ಮಂಡಾಳು ಎನ್ನುವ ಮಂಡಕ್ಕಿಯ ಒಗ್ಗರಣೆಯ ವಾಸನೆ ಬಂತೆಂದರೆ ನನಗೆ ಹಸಿವಿಗಿಂತ ಮೊದಲು ಹೊಟ್ಟೆಕಿಚ್ಚು ಕಾಣಿಸಿಕೊಳ್ಳುತ್ತದೆ. ಚಿಕ್ಕಪ್ಪನ ಮಗ ಶರಣಪ್ಪನ ಮೇಲಿನದು. ಈಗ ಬಳ್ಳಾರಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಪಕ್ಕ ಕೂತಿದ್ದೇನೆ. ನಮ್ಮೂರಿನ ಇಬ್ಬರು ಹಿರಿಯರು ಅತ್ತ ಒಂದು, ಇತ್ತ ಒಂದು ಬೆಂಚು ಹಿಡಿದಿದ್ದಾರೆ. ಊರ ವಾಚನಾಲಯಕ್ಕೆ ಒಬ್ಬರು ಜಾಗ ಕೊಡಬೇಕು, ಇನ್ನೊಬ್ಬರು ಕಲ್ಲು. ಕರೆಸಿದವನು ನಾನು. ಇಬ್ಬರೂ ತಮ್ಮ ತಮ್ಮ ತಟ್ಟೆ ನೋಡುತ್ತಿದ್ದಾರೆ.

ಎಪ್ಪತ್ತನೇ ಇಸವಿಯ ಆಸುಪಾಸಿರಬೇಕು, ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಮ್ಮೂರು ಕುರುಗೋಡಿನಲ್ಲಿ ಒಂದಕ್ಕೊಂದು ಆಗದ ಮೇಲೋಣಿ, ಕೆಳಗೋಣಿ ಸೇರಿಸಿ ನಾಟಕ ಆಡಿಸಲು ಹೊರಟಿದ್ದೆ. ನಾಟಕದ ಪರದೆ ಬಳ್ಳಾರಿಯ ಒಬ್ಬನದು. ಊಟದ ಅಕ್ಕಿ ಸಿರುಗುಪ್ಪದ ಮಿಲ್ಲಿನವರದು. ಎರಡೂ ಓಣಿ ಒಪ್ಪಿದರಷ್ಟೇ ಕೊಡುತ್ತೇವೆಂದಿದ್ದರು. ಮುಂದೆ ನಿಂತು ಮಾಡಿಸಿದವನನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆದು ಹಾರ ಹಾಕುವುದು ವಾಡಿಕೆ. ಕಲೆ, ಒಗ್ಗಟ್ಟು ಎಂದೆಲ್ಲ ಹೇಳಿಕೊಂಡು ತಿರುಗಿದೆ. ನನಗೆ ಬೇಕಿದ್ದದ್ದು ಆ ಹಾರ.

ನಮ್ಮ ಮೇಲೋಣಿಯ ಕಟ್ಟೆಯಲ್ಲಿ ಸಭೆ ಕರೆದೆ. ಪರದೆಯವನೊಬ್ಬನೇ ಬಂದ. ಕೆಳಗೋಣಿಯ ಗೌಡರು ಹೇಳಿ ಕಳಿಸಿದರು: "ನಿಮ್ಮ ಕಟ್ಟಿಗೆ ನಾವ್ಯಾಕ ಬರಬೇಕು? ನಮಗ ಕಟ್ಟಿ ಇಲ್ಲೇನು?"

ಮರುದಿನ ಶರಣಪ್ಪ ಯಾರನ್ನೂ ಕರೆಯಲಿಲ್ಲ. ಪರದೆಯವನನ್ನು ಕರೆದುಕೊಂಡು ಊರ ಹೋಟೆಲಿಗೆ ಹೋಗಿ ನಡುವಿನ ಬೆಂಚಿನಲ್ಲಿ ಕೂತ. ಅತ್ತ ನಮ್ಮ ದೊಡ್ಡಪ್ಪ, ಇತ್ತ ಗೌಡರು, ದಿನದಂತೆ ಒಗ್ಗರಣೆ ತಿನ್ನುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ರಾಜನ ಪಾತ್ರ ಯಾರಿಗೂ ಬ್ಯಾಡಂತ. ನೀನ ಮಾಡಿಬಿಡಪಾ," ಎಂದ ಶರಣಪ್ಪ ಪರದೆಯವನಿಗೆ, ಎಲ್ಲರಿಗೂ ಕೇಳುವ ಹಾಗೆ.

ಗೌಡರು ಹೋಟೆಲಿನವನತ್ತ ತಿರುಗಿದರು. "ಬ್ಯಾಡ ಅಂದವರು ಯಾರು, ಕೇಳಲೇ."

ದೊಡ್ಡಪ್ಪನೂ ಅವನಿಗೇ ಹೇಳಿದರು. "ರಾಜ ಅವರ ಇರ್ಲಿ. ಮಂತ್ರಿ ನಮ್ಮವ ಅಂತ ಹೇಳು. ರಾಜಗ ಬುದ್ಧಿ ಹೇಳಾಕ ಒಬ್ಬ ಬೇಕಲ್ಲ."

"ಬುದ್ಧಿ ಇದ್ರ ಹೇಳ್ಲಿ ಅನ್ನು," ಎಂದರು ಗೌಡರು.

ಹೋಟೆಲಿನವನು ಮಿರ್ಚಿ ಕರಿಯುತ್ತ ಎರಡೂ ಕಡೆ ತಲೆಯಾಡಿಸಿದ. ನಾಟಕ ನಿಶ್ಚಯವಾಯಿತು. ಯಾರೂ ಯಾರ ಕಟ್ಟೆಗೂ ಹೋಗಿರಲಿಲ್ಲ.

"ಬಾ ಅಣ್ಣ, ಕುಂದ್ರು," ಎಂದ ಶರಣಪ್ಪ, ಪಕ್ಕಕ್ಕೆ ಸರಿದು.

"ತಿಂದು ಬಂದೀನಿ," ಎಂದೆ, ಖಾಲಿ ಹೊಟ್ಟೆಯಲ್ಲಿ.

ಹಾರ ಅವನಿಗೆ ಬಿತ್ತು. ಅದನ್ನು ನನ್ನ ಕೊರಳಿಗೆ ಹಾಕಲು ಬಂದನೆಂದು ಮನೆಯವರು ಹೇಳುತ್ತಾರೆ. ನನ್ನ ನೆನಪಿನಲ್ಲಿ ಅದಿಲ್ಲ. ನಾನೇ ಅಳಿಸಿರಬಹುದು, ಅಷ್ಟು ಒಳ್ಳೆಯವನ ಮೇಲೆ ಕಿಚ್ಚು ಉಳಿಸಿಕೊಳ್ಳುವುದು ಕಷ್ಟ, ನೋಡಿ.

ಇಲ್ಲಿ ಬಳ್ಳಾರಿಯಲ್ಲಿ ಹಿರಿಯರ ಒಗ್ಗರಣೆ ಆರುತ್ತಿದೆ. ಎದ್ದು ನಡುವಿನ ಬೆಂಚಿಗೆ ಹೋದೆ. ತಟ್ಟೆ ತಂದವನಿಗೆ ಜೋರಾಗಿ ಅಂದೆ: "ವಾಚನಾಲಯ ಯಾರಿಗೂ ಬ್ಯಾಡಂತಪಾ."

"ಬ್ಯಾಡ ಅಂದವರು ಯಾರು, ಕೇಳು," ಎಂದರು ಎಡಗಡೆಯವರು, ಅವನಿಗೆ. ಬಲಗಡೆಯವರು ತಿನ್ನುವುದನ್ನು ನಿಲ್ಲಿಸಿದರು.

ಕೆಲಸ ಆಗುವಂತಿದೆ. ಈ ಸಲ ಹಾರ ನನಗೇ ಬೀಳಬಹುದು. ಶರಣಪ್ಪ ಸಿರುಗುಪ್ಪದಲ್ಲಿ ಹಾಯಾಗಿದ್ದಾನೆ, ಇದೇನೂ ಅವನಿಗೆ ಗೊತ್ತಿಲ್ಲ. ಆದರೂ ಬೆಂಚಿನ ಮೇಲೆ ತುಸು ಸರಿದು ಅವನಿಗೆ ಜಾಗ ಬಿಟ್ಟೆ. ಆರಾಮಾಗಿ ಕೂರುವಷ್ಟೇನಲ್ಲ.